ಪಾಟಾ ಮುರೀತು: ರಿಪೇರಿನೋ, ಹೊಸಾದೋ?

ಈ ಸಲ ಎಪಿಸೋಡ್ ಹದಿನೈದು ದಿನ ತಡ ಆತು. "ಎಲ್ಲಿ ಹೋಗೀಯೋ ಮಾರಾಯಾ" ಅಂತ ಮೆಸೇಜ್ ಹಾಕಿದವರಿಗೆಲ್ಲಾ ಒಂದೇ ಉತ್ತರ: ಗ್ಯಾರೇಜಿನಾಗ ಇದ್ದೆ. ಇವತ್ತಿನ ವಿಷಯನೂ ಅದೇ. ಗಾಡಿ ಇಲ್ಲದವರು ಸ್ಕಿಪ್ ಮಾಡಬ್ಯಾಡ್ರಿ. ಇದರಾಗ ಅರ್ಧ ಕಬ್ಬಿಣದ ಮಾತು, ಅರ್ಧ ರೊಕ್ಕದ ಮಾತು.

ನಮ್ಮದು 2013ರ ಮಹೀಂದ್ರಾ ಥಾರ್. 2020ರಲ್ಲಿ ಬಂತಲ್ಲ, ರೀಲ್ಸ್‌ನಾಗ ಎಲ್ಲಾರೂ ತೋರಸ್ತಾರಲ್ಲ, ಆ ಥಾರ್ ಅಲ್ಲ. ಅದರ ಹಿಂದಿನದು. ಈ ವ್ಯತ್ಯಾಸ ಮುಖ್ಯ, ಯಾಕಂದ್ರ ಹೊಸ ಥಾರಿಗೆ ನಾಲ್ಕೂ ಗಾಲಿಗೆ ಕಾಯಿಲ್ ಸ್ಪ್ರಿಂಗ್. ನಮ್ಮದಕ್ಕೆ ಮುಂದೆ ಟಾರ್ಶನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್. ಲೀಫ್ ಸ್ಪ್ರಿಂಗ್ ಅಂದ್ರ ನಮ್ಮ ಕಡೆ ಪಾಟಾ. ಬೊಲೆರೊ ಅಥವಾ ಲಾರಿ ಹಿಂದೆ ಬಗ್ಗಿ ನೋಡ್ರಿ, ಬಿಲ್ಲಿನಂಗ ಬಾಗಿದ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿ ಕಟ್ಟಿರುತ್ತಾರೆ. ಅದೇ.

ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ಮುಂದೆ ನಾನು, ಅಪ್ಪ. ಹಿಂದೆ ಅವ್ವ, ಇಬ್ಬರು ಅತ್ತಿ, ಅಕ್ಕನ ಮಗಳು, ಬುತ್ತಿ ಗಂಟು. ದರ್ಶನ ಮುಗಿಸಿ ಗುಡ್ಡ ಇಳಿಯೋವಾಗ ಒಂದು ಸಣ್ಣ ಉಬ್ಬು ದಾಟಿದೆ. ಹಿಂದಿನಿಂದ 'ಟಪ್' ಅಂತ ಸಪ್ಪಳ. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೀತು. ಎಡಕ್ಕೆ ಏನಿತ್ತು? ಚಕ್ಕಡಿಗಳ ಸಾಲು, ಎತ್ತು, ಜನ. ವೇಗ ಇರಲಿಲ್ಲ, ಜಾತ್ರಿ ಗದ್ದಲದಾಗ ವೇಗ ಎಲ್ಲಿಂದ ಬರಬೇಕು, ಹಂಗಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವ್ವ ಇಳಿದು ಮೊದಲು ಗುಡ್ಡದ ಕಡೆ ತಿರುಗಿ ಕೈ ಮುಗಿದಳು, ಆಮೇಲೆ ನನ್ನ ಕಡೆ ತಿರುಗಿ ಬೈದಳು.

ಇಲ್ಲೊಂದು ಅಡ್ಡ ಮಾತು. ಆ ಚಕ್ಕಡಿಗಳಿಗೆ ಸಸ್ಪೆನ್ಶನ್ ಅನ್ನೋದೇ ಇಲ್ಲ. ಮರದ ಗಾಲಿ, ಮೇಲೆ ಕಬ್ಬಿಣದ ಹಳಿ, ಒಳಗೆ ಒಂದಿಷ್ಟು ಕಣಕಿ ಅಥವಾ ಹುಲ್ಲು ಹಾಸಿ ಮೇಲೊಂದು ಕೌದಿ. ಶಾಕಪ್ ಅಂದ್ರ ಅದೇ ಕೌದಿ. ದಿನಗಟ್ಟಲೆ ಹಂಗೇ ಬರುತ್ತಾರೆ. ಗಾಡಿ ಕೆಟ್ಟು ನಿಂತ ನಮ್ಮನ್ನ ನೋಡಿ ಒಬ್ಬ ಅಜ್ಜ ನಕ್ಕ. ನಗಲಿ ಬಿಡ್ರಿ.

ಸರಿ, ಗ್ಯಾರೇಜಿಗೆ ಬರೋಣ. ಗಾಡಿ ಇನ್ನೂ ಜಾಕ್ ಮೇಲೆ ಏರಿರಲಿಲ್ಲ, ಅಷ್ಟರಾಗ ಮೂರು ತೀರ್ಮಾನ ತಯಾರಿದ್ದವು. ಅಪ್ಪ: "ವೆಲ್ಡಿಂಗ್ ಹೊಡಿಸಿದ್ರ ಆತು, ಟ್ರೇಲರಿಗೆ ಹೊಡಸೂದಿಲ್ಲೇನು?" ಗೆಳೆಯ ಫೋನಿನಾಗ: "ಹೆಂಗಿದ್ರೂ ಬಿಚ್ಚೀರಿ, ಲಿಫ್ಟ್ ಕಿಟ್ ಹಾಕಿಸಿಬಿಡಲೇ." ನಾನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಮನಸು ಗೆಳೆಯನ ಕಡೆನೇ ಇತ್ತು. ಎರಡು ವರ್ಷದಿಂದ ಆ ಕಿಟ್‌ನ ವಿಡಿಯೋ ಸೇವ್ ಮಾಡಿ ಇಟ್ಟವ ನಾನು.

ಮಿಸ್ತ್ರಿ ಕಾಕಾ ಏನೂ ಮಾತಾಡದೆ ಎಡಗಡೆ ಪಾಟಾ ಬಿಚ್ಚಿ, ಮುರಿದ ಮೇನ್ ಪಾಟಾದ ತುಂಡು ನನ್ನ ಕೈಗೆ ಕೊಟ್ಟರು. "ತಮ್ಮಾ, ಇದು ಗುಡ್ಡದಾಗ ಮುರದದ್ದಲ್ಲ. ಮುಖ ನೋಡಿದರ ಗೊತ್ತಾಗ್ತೈತಿ."

ನೋಡಿದೆ. ಮುರಿದ ಮುಖದ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದು ಬಣ್ಣ. ಉಳಿದ ಕಾಲು ಭಾಗ ಮಾತ್ರ ಬೆಳ್ಳಿಯಂಗ ಹೊಳೀತಿತ್ತು. ಅಂದ್ರ ಬಿರುಕು ಎಷ್ಟೋ ತಿಂಗಳ ಹಿಂದೆನೇ ಬಿಟ್ಟಿದೆ, ನೀರು ಹೋಗಿ ತುಕ್ಕು ಹಿಡಿದಿದೆ, ಕೊನೇ ಕಾಲು ಭಾಗ ಮಾತ್ರ ಆವತ್ತು ಮುರಿದಿದ್ದು. ಅಷ್ಟು ತಿಂಗಳು ನಾವು ಮುನವಳ್ಳಿ ಕಡೆ ಹೊಲಕ್ಕೆ, ಧಾರವಾಡಕ್ಕೆ, ಎಲ್ಲಾ ಕಡೆ ಆ ಕಾಲು ಭಾಗ ಉಕ್ಕಿನ ಮೇಲೆ ಓಡಾಡಿದ್ದೇವೆ. ಅಪ್ಪನೂ ಆ ತುಂಡನ್ನ ಹಿಡಿದು ಬಹಳ ಹೊತ್ತು ನೋಡಿದರು. ವೆಲ್ಡಿಂಗ್ ಮಾತು ಆಮೇಲೆ ಎತ್ತಲಿಲ್ಲ.

ಎರಡನೇ ಸುಳಿವು, ಎಲ್ಲಿ ಮುರಿದಿದೆ ಅನ್ನೋದು. ನಮ್ಮದು ಸರಿಯಾಗಿ ನಡುವೆ, ಸೆಂಟರ್ ಬೋಲ್ಟ್ ಹೋಗೋ ತೂತಿನ ಹತ್ತಿರ ಮುರಿದಿತ್ತು. ಅಲ್ಲಿ ಮುರಿದರೆ ಮೊದಲ ಅನುಮಾನ ಯು ಬೋಲ್ಟ್ ಮೇಲೆ. ಪಾಟಾ ಕಟ್ಟನ್ನ ಆಕ್ಸಲ್‌ಗೆ ಬಿಗಿಯಾಗಿ ಹಿಡಿಯೋದು ಯು ಬೋಲ್ಟ್. ಅದು ಬಿಗಿ ಇದ್ದಷ್ಟು ದಿನ ನಡುಭಾಗ ಬಾಗೋದಿಲ್ಲ, ಎರಡು ತುದಿ ಮಾತ್ರ ಕೆಲಸ ಮಾಡುತ್ತವೆ. ಸಡಿಲಾದರೆ ನಡುಭಾಗನೂ ಬಾಗಲಿಕ್ಕೆ ಶುರು, ಮೊದಲೇ ತೂತಿದ್ದ ಜಾಗ ಅದು, ಅಲ್ಲೇ ಬಿರುಕು. ಎರಡು ವರ್ಷದ ಹಿಂದೆ ಬೇರೆ ಒಂದು ಗ್ಯಾರೇಜಿನಾಗ ಭಾರ ತಡೀಲಿ ಅಂತ ಒಂದು ಪಾಟಾ ಹೆಚ್ಚಿಗೆ ಸೇರಿಸಿದ್ದೆವು. ಆಗ ಹಳೇ ಯು ಬೋಲ್ಟನ್ನೇ ತಿರುಗಿ ಹಾಕಿದ್ದರು. ಒಮ್ಮೆ ಬಿಗಿದು ಎಳೆದ ಯು ಬೋಲ್ಟ್ ಮತ್ತೆ ಅದೇ ಹಿಡಿತ ಕೊಡೋದಿಲ್ಲ. ಅದು ಅವರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟರೋ, ನಾನಂತೂ ಕೇಳಲಿಲ್ಲ.

ವೆಲ್ಡಿಂಗ್ ಯಾಕೆ ಬೇಡ ಅಂತ ಬಹಳ ಮಂದಿ ಕೇಳುತ್ತೀರಿ. ಪಾಟಾದ ಉಕ್ಕಿಗೆ ಬಾಗಿ ತಿರುಗಿ ಬರೋ ಗುಣ ಬರೋದು ಅದನ್ನ ಕಾಯಿಸಿ, ತಣಿಸಿ ಹದ ಮಾಡಿದ್ದರಿಂದ. ವೆಲ್ಡಿಂಗ್ ಶಾಖ ಆ ಹದವನ್ನ ಕೆಡಿಸುತ್ತದೆ. ಬೆಸುಗೆ ಗಟ್ಟಿ ನಿಂತರೂ ಅದರ ಪಕ್ಕದಾಗ ಮತ್ತೆ ಮುರಿಯುತ್ತದೆ. ಟ್ರೇಲರಿನ ಹಲಗೆಗೆ ನಡೀತದ, ಪಾಟಾಕ್ಕೆ ನಡೆಯೋದಿಲ್ಲ.

ಇನ್ನು ನನ್ನ ಲಿಫ್ಟ್ ಕಿಟ್. ಮಿಸ್ತ್ರಿ ಕಾಕಾ ಹಿಂದಿನ ಆಕ್ಸಲ್ ನಡುವಿನ ದಪ್ಪ ಗುಂಡಿಗೆ ಸ್ಪ್ಯಾನರಿನಿಂದ ಬಡಿದು ಕೇಳಿದರು, "ಕಿಟ್ ಹಾಕಿದರ ಇದು ಮ್ಯಾಲೆ ಏರ್ತೈತೇನು?" ಏರೋದಿಲ್ಲ! ಪಾಟಾ ಎತ್ತರಿಸಿದರೆ ಬಾಡಿ ಮೇಲೆ ಹೋಗುತ್ತದೆ, ಆಕ್ಸಲ್ ಅಲ್ಲೇ ಇರುತ್ತದೆ. ನಮ್ಮ ಎರೆ ಹೊಲದ ದಾರಿಯಾಗ ಕಬ್ಬಿನ ಟ್ರ್ಯಾಕ್ಟರು ಕೊರೆದ ಗಾಲಿ ಹಳ್ಳದ ನಡುವೆ ಮಣ್ಣಿಗೆ ಉಜ್ಜೋದು ಅದೇ ಗುಂಡು. ಅದು ಎತ್ತರ ಆಗಬೇಕಾದರೆ ದೊಡ್ಡ ಟೈರ್ ಬೇಕು. ಮ್ಯಾಲೆ ಬಾಡಿ ಎತ್ತರಾದಷ್ಟೂ ತಿರುವಿನಾಗ ಗಾಡಿ ವಾಲೋದು ಹೆಚ್ಚು. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿ ಹೇಳಿತು. ನಾಳೆ ಅಪಘಾತ ಆಗಿ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದು ತಕರಾರು ತೆಗೆದರೆ ನನ್ನ ಹತ್ತಿರ ಉತ್ತರ ಇಲ್ಲ. ಆ ವಿಡಿಯೋ ಇನ್ನೂ ಸೇವ್ ಐತಿ, ಸುಳ್ಳು ಹೇಳೋದಿಲ್ಲ.

ಈಗ ರೊಕ್ಕದ ಮಾತು. ಬಿ.ಕಾಂ. ಓದಿದ್ದು ಇಲ್ಲಾದರೂ ಉಪಯೋಗಕ್ಕೆ ಬರಲಿ. ಕಬ್ಬಿನ ಬಿಲ್ಲು ಇನ್ನೂ ಬಂದಿರಲಿಲ್ಲ, ಕೈಯಾಗಿನ ರೊಕ್ಕದಾಗೇ ಆಗಬೇಕಿತ್ತು. ಮಿಸ್ತ್ರಿ ಕಾಕಾ ಮೂರು ರೇಟು ಹೇಳಿದರು. ಎಡಗಡೆ ಮೇನ್ ಪಾಟಾ ಒಂದು ಬದಲಿಸಿ, ಉಳಿದದ್ದನ್ನ ಬಡಿದು ಬಾಗಿಸಿ ಕೂಡಿಸಿದರೆ 6,800 ರೂಪಾಯಿ, "ಎಂಟ ತಿಂಗಳಿಗಿಂತ ಹೆಚ್ಚು ಹೇಳಾಂಗಿಲ್ಲ." ಎರಡೂ ಕಡೆ ಇಡೀ ಹೊಸ ಪಾಟಾ ಕಟ್ಟು, ಶಾಕಪ್, ಬುಶ್ ಎಲ್ಲಾ ಸೇರಿ 26,400. ಮೂರನೇದು 14,200, ಅದನ್ನ ಆಮೇಲೆ ಹೇಳುತ್ತೇನೆ.

ಮೊದಲ ನೋಟಕ್ಕೆ 6,800 ಅಗ್ಗ. ಎಂಟು ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 850. ಹೊಸದು ಐದು ವರ್ಷ ಬಂದರೆ ತಿಂಗಳಿಗೆ 440. ಆಹಾ, ಹೊಸದೇ ಅಗ್ಗ ಅಂತ ನಾನು ಕುಣಿದೆ. ಆಗ ಅಪ್ಪ ಕೇಳಿದರು, "ಐದ ವರ್ಷ ಈ ಗಾಡಿ ಇರ್ತೈತೇನು?" ಖಾಸಗಿ ಗಾಡಿ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಿಟ್‌ನೆಸ್ ಪಾಸ್ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ನಮ್ಮದು 2028ಕ್ಕೆ ಮುಗಿಯುತ್ತದೆ. ಉಳಿದಿರೋದು ಸುಮಾರು ಎರಡೂವರೆ ವರ್ಷ. 26,400ನ್ನ 30 ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 880. ಐದು ವರ್ಷ ಬಾಳೋ ಪಾಟಾವನ್ನ ಎರಡೂವರೆ ವರ್ಷ ಬಾಳೋ ಗಾಡಿಗೆ ಹಾಕಿದರೆ ಲೆಕ್ಕ ಹಿಂಗ ತಿರುಗುತ್ತದೆ. ಪರೀಕ್ಷೆಯಾಗ ಡಿಪ್ರಿಸಿಯೇಶನ್‌ಗೆ ನನಗೆ ಒಳ್ಳೆ ಮಾರ್ಕ್ಸ್ ಬಂದಿದ್ದವು. ಗ್ಯಾರೇಜಿನಾಗ ಅದನ್ನ ನೆನಪಿಸಿದ್ದು ಎಸ್ಸೆಸ್ಸೆಲ್ಸಿ ಓದಿದ ಅಪ್ಪ.

ಮೂರನೇ ದಾರಿ ಇದು. ಕಟ್ಟಿನಾಗ ಎಲ್ಲಾ ಪಾಟಾನೂ ಒಂದೇ ಕೆಲಸ ಮಾಡೋದಿಲ್ಲ. ಎರಡೂ ತುದಿಗೆ ಸುರುಳಿ ಇರೋ ಮೇನ್ ಪಾಟಾ ಚಾಸಿಗೆ ಕೂಡುತ್ತದೆ, ಆಕ್ಸಲ್ಲನ್ನ ಜಾಗದಾಗ ಹಿಡಿಯೋದು ಅದೇ. ಕೆಳಗಿನ ಸಣ್ಣವು ಭಾರಕ್ಕೆ ಹೆಗಲು ಕೊಡುತ್ತವೆ. ಹಂಗಾಗಿ ಎರಡೂ ಕಡೆ ಮೇನ್ ಪಾಟಾ ಮತ್ತು ಅದರ ಕೆಳಗಿನ ಎರಡನೇದು ಹೊಸದು; ಸೆಂಟರ್ ಬೋಲ್ಟ್, ಯು ಬೋಲ್ಟ್, ಶ್ಯಾಕಲ್ ಬುಶ್ ಎಲ್ಲಾ ಹೊಸದು; ಎಡಗಡೆ ಶಾಕಪ್ ಎಣ್ಣೆ ಸೋರುತ್ತಿತ್ತು, ಶಾಕಪ್ ಜೋಡಿನೇ ಹೊಸದು. ಕೆಳಗಿನ ಪಾಟಾಗಳನ್ನ ಬ್ರಶ್ ಹಾಕಿ ತಿಕ್ಕಿ, ಬಿರುಕು ಇಲ್ಲ ಅಂತ ಒಂದೊಂದಾಗಿ ನೋಡಿ, ಹೊಸದರ ಬಾಗಿಗೆ ಹೊಂದಿಸಿ ಕೂಡಿಸೋದು. ಹೆಚ್ಚಿಗೆ ಸೇರಿಸಿದ್ದ ಪಾಟಾ ತೆಗೆದು ಬಿಡೋದು. ಎರಡು ವರ್ಷ ಬರುತ್ತದೆ ಅಂದರು, ತಿಂಗಳಿಗೆ 592.

"ಬಲಗಡೆದು ಮುರದಿಲ್ಲಲ್ಲ ಕಾಕಾ, ಒಂದ ಕಡೆ ಮಾಡಿದ್ರ?" ಅಂತ ನಾನೇ ಕೇಳಿದ್ದೆ. "ಒಂದ ಕಾಲಿಗೆ ಹೊಸಾ ಚಪ್ಪಲಿ, ಇನ್ನೊಂದಕ್ಕ ಸವದದ್ದು ಹಾಕ್ಕೊಂಡು ಗುಡ್ಡ ಏರಿ ನೋಡು" ಅಂದರು.

ಅದನ್ನೇ ಮಾಡಿಸಿದೆವು. ತಿಂಗಳಿಗೆ 592 ಅಂತ ಮಾತ್ರ ಅಲ್ಲ. 6,800ರ ರಿಪೇರಿ ಉಚಿತವಾಗಿ ಮಾಡಿಕೊಟ್ಟಿದ್ದರೂ ನಾನು ಬೇಡ ಅಂತಿದ್ದೆ. ಹಿಂದಿನ ಸೀಟಿನಾಗ ಅವ್ವ ಕೂತಿರುತ್ತಾಳೆ ಅನ್ನೋದಕ್ಕೆ ನನ್ನ ಎಕ್ಸೆಲ್ ಶೀಟಿನಾಗ ಕಾಲಂ ಇಲ್ಲ. ಹಂಗೇ, ಕಳೆದ ವರ್ಷ ಕ್ಲಚ್ಚಿಗೆ ಹಾಕಿದ ರೊಕ್ಕವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. "ಇಷ್ಟು ಸುರದೀವಿ, ಇನ್ನೊಂದಿಷ್ಟು ಸುರಿಯೋಣ" ಅನ್ನೋದು ಲೆಕ್ಕ ಅಲ್ಲ. ಹೋದ ರೊಕ್ಕ ಹೋತು. ಚಾಸಿಯಾಗ ಪಾಟಾ ಕೂಡೋ ಜಾಗಕ್ಕೇ ತುಕ್ಕು ತಿಂದಿದ್ದರೆ ಒಂದು ರೂಪಾಯಿನೂ ಹಾಕುತ್ತಿರಲಿಲ್ಲ, ಮಾರಿಬಿಡುತ್ತಿದ್ದೆವು. ಮಿಸ್ತ್ರಿ ಕಾಕಾ ಮೊದಲು ಸುತ್ತಿಗೆಯಿಂದ ಬಡಿದು ನೋಡಿದ್ದು ಅದನ್ನೇ.

ನಿಮ್ಮ ಗಾಡಿ ನೀವೇ ನೋಡಬೇಕಂದ್ರ ಸಮತಟ್ಟು ನೆಲದಾಗ ಖಾಲಿ ಗಾಡಿ ನಿಲ್ಲಿಸಿ, ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ಎರಡೂ ಕಡೆ ಟೇಪ್ ಹಿಡಿದು ಅಳೀರಿ. ಜಾತ್ರೆಗೆ ಮೊದಲೇ ನಾನು ಅಳೆದಿದ್ದರೆ ವ್ಯತ್ಯಾಸ ಕಾಣುತ್ತಿತ್ತು. ಇನ್ನೊಂದು, ನೆಟ್ಟಗಿನ ರಸ್ತೆಯಾಗ ಗೆಳೆಯನ್ನ ಹಿಂದೆ ಬೈಕ್ ಮೇಲೆ ಬರಲಿಕ್ಕೆ ಹೇಳ್ರಿ. ಗಾಡಿ ಏಡಿಯಂಗ ಓರೆಯಾಗಿ ಹೊಂಟಿದ್ದರೆ ಹಿಂದಿನ ಆಕ್ಸಲ್ ಜಾಗ ಬಿಟ್ಟಿರಬಹುದು. ಅವತ್ತೇ ಗ್ಯಾರೇಜಿಗೆ ಹೋಗ್ರಿ, ನಾಳೆ ಅನಬ್ಯಾಡ್ರಿ.

ಮುರಿದ ಪಾಟಾ ತುಂಡುಗಳನ್ನ ಅಪ್ಪ ಗುಜರಿಗೆ ಕೊಡಲಿಲ್ಲ, ಕಮ್ಮಾರರ ಹತ್ತಿರ ಒಯ್ದಿದ್ದಾರೆ. ಪಾಟಾ ಉಕ್ಕಿನ ಕೊಯ್ತಾ ಬಹಳ ದಿನ ಹರಿತ ಇರುತ್ತದಂತೆ, ಕಬ್ಬು ಕಡಿಯಲಿಕ್ಕೆ ಎರಡು ಆಗುತ್ತವಂತೆ. ಹೊಸ ಯು ಬೋಲ್ಟನ್ನ 500 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು. ಇದನ್ನ ರೆಕಾರ್ಡ್ ಮಾಡೋ ಹೊತ್ತಿಗೆ ಮೀಟರಿನಾಗ 380 ಆಗಿದೆ. ರವಿವಾರ ಮಿಸ್ತ್ರಿ ಕಾಕಾನ ಹತ್ತಿರ ಹೋಗಬೇಕು. ಹಂಗಾಗಿ ಮುಂದಿನ ಎಪಿಸೋಡ್ ಸೋಮವಾರ. ಬರ್ತೀನ್ರಿ.