ಸ್ತ್ರೀಯರ ಕಾವ್ಯದಲ್ಲಿ ಭಯಾನಕ



ಇಂಗ್ಲಿಷ್ ಸಾಹಿತ್ಯದಲ್ಲಿ ‘ಗಾಥಿಕ್’ ಎಂಬ ಹೆಸರಿನ ಒಂದು ಸಂಪ್ರದಾಯವುಂಟು. 1764ರಲ್ಲಿ ಹೊರೇಸ್ ವಾಲ್‌ಪೋಲನು ಬರೆದ ಒಟ್ರಾಂಟೋ ದುರ್ಗದ ಕಥೆಯಿಂದ ಅದು ಮೊದಲಾಯಿತೆಂದು ಹೇಳುವುದು ವಾಡಿಕೆ. ಪಾಳುಬಿದ್ದ ಕೋಟೆ, ನೆಲಮಾಳಿಗೆ, ನಡುರಾತ್ರಿಯ ಹೆಜ್ಜೆಯ ಸಪ್ಪಳ, ಸೆರೆಯಲ್ಲಿ ಸಿಕ್ಕ ಕನ್ಯೆ, ಇವು ಅದರ ಸಾಮಗ್ರಿ. ಈ ಸಾಮಗ್ರಿಯನ್ನು ಕವಿತೆಗೆ ತಂದವರಲ್ಲಿ ಸ್ತ್ರೀಯರು ಹಲವರು. ಕ್ರಿಸ್ಟಿನಾ ರೊಸೆಟ್ಟಿ ಅದನ್ನು ಹಣ್ಣು ಮಾರುವ ಪಿಶಾಚಿಗಳ ಕಥನವಾಗಿ ಮಾಡಿದಳು; ಅಮೆರಿಕದ ಎಮಿಲಿ ಡಿಕಿನ್‌ಸನ್ ದೆವ್ವದ ಮನೆಯನ್ನು ಮನಸ್ಸಿನ ಒಳಗೇ ಕಂಡಳು. ನಮ್ಮ ನಾಡಿನ ಸ್ತ್ರೀಯರ ಕಾವ್ಯದಲ್ಲಿ ಇದಕ್ಕೆ ಸಮನಾದದ್ದು ಇದೆಯೇ ಎಂಬುದು ಇಂದಿನ ಪ್ರಶ್ನೆ.

ನಮ್ಮ ಲಾಕ್ಷಣಿಕರು ಇದನ್ನು ಭಯಾನಕ ರಸವೆಂದು ಕರೆದರು. ಶೂನ್ಯಗೃಹ, ಅರಣ್ಯ, ನರಿ ಗೂಬೆಗಳ ಕೂಗು ಮೊದಲಾದವನ್ನು ಭರತನೇ ಅದರ ವಿಭಾವಗಳಾಗಿ ಎಣಿಸಿದ್ದಾನೆ. ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನು ಇನ್ನೂ ಒಂದು ಮಾತನ್ನು ಹೇಳಿದನು: ಈ ರಸಕ್ಕೆ ಆಶ್ರಯ ಸ್ತ್ರೀಯರು ಮತ್ತು ನೀಚಪ್ರಕೃತಿಯವರು. ಅಂಜುವುದು ಹೆಂಗಸಿನ ಸ್ವಭಾವವೆಂದು ಶಾಸ್ತ್ರವು ತೀರ್ಮಾನಿಸಿತು. ಅವಳು ಅಂಜುವುದು ಯಾವುದಕ್ಕೆ ಎಂದು ಅವಳನ್ನೇ ಕೇಳಲಿಲ್ಲ.

ಸಾಲಗುಂದ, ಮಸ್ಕಿ, ಲಿಂಗಸೂಗೂರುಗಳ ಕಡೆಯವರಿಗೆ ಹಳೆಯ ಕೋಟೆಯನ್ನು ವರ್ಣಿಸಿ ಹೇಳಬೇಕಾದದ್ದಿಲ್ಲ. ಮುದಗಲ್ಲಿನ ಕೋಟೆ ಅವರ ನೆರೆಯಲ್ಲೇ ಇದೆ. ಅಲ್ಲಿಯ ಅಕ್ಕಸಾಲಿಗನ ಮಗಳೊಬ್ಬಳ ಕಥೆಯನ್ನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಬರೆದಿಟ್ಟಿದ್ದಾನೆ. ವಿಜಯನಗರದ ದೇವರಾಯನು ಆಕೆಯನ್ನು ಬಯಸಿ ಒಡವೆಗಳನ್ನು ಕಳುಹಿಸಿದನಂತೆ. ಒಮ್ಮೆ ಅರಮನೆಯನ್ನು ಹೊಕ್ಕ ಹೆಣ್ಣು ತಂದೆತಾಯಿಗಳ ಮುಖವನ್ನು ಮತ್ತೆ ಕಾಣಲಾರಳೆಂದು ಆಕೆ ಒಲ್ಲೆನೆಂದಳಂತೆ. 1406ರ ಯುದ್ಧಕ್ಕೆ ಅದೇ ಕಾರಣವೆಂದು ಅವನ ಹೇಳಿಕೆ. ಕಥೆ ಎಷ್ಟು ನಿಜವೋ ಇರಲಿ, ಆ ಹುಡುಗಿಯ ಭಯ ಯಾವುದೆಂಬುದನ್ನು ಗಮನಿಸಬೇಕು. ಅದು ಪಾಳುಕೋಟೆಯ ಭಯವಲ್ಲ. ದೀಪಗಳು ಬೆಳಗುತ್ತಿದ್ದ ಅರಮನೆಯ ಭಯ. ಆದರೆ ಅದು ನಮಗೆ ತಲುಪಿರುವುದು ಗಂಡಸೊಬ್ಬನ ಲೇಖನಿಯಿಂದ.

ಹೆಣ್ಣು ತಾನೇ ಬಾಯಿಬಿಟ್ಟು ಹೇಳಿದ್ದನ್ನು ಕೇಳಬೇಕಾದರೆ ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಬಳಿಗೆ ಹೋಗಬೇಕು. ಕೌಶಿಕನ ಅರಮನೆಯನ್ನು ಬಿಟ್ಟು ಕಲ್ಯಾಣದ ಮಾರ್ಗವಾಗಿ ಶ್ರೀಶೈಲದ ಕಾಡಿಗೆ ನಡೆದವಳು ಆಕೆ. ಭರತನು ಭಯಕ್ಕೆ ಕಾರಣವೆಂದು ಎಣಿಸಿದ ಸ್ಥಳಗಳೇ ಆಕೆಯ ವಚನಗಳಲ್ಲಿ ಆಶ್ರಯಸ್ಥಾನಗಳಾಗುತ್ತವೆ. ಪಾಳುದೇಗುಲ ಆಕೆಗೆ ಮಲಗುವ ಮನೆ. ಕಾಡಿನ ಹಕ್ಕಿಗಳು ದಾರಿ ಕೇಳತಕ್ಕ ನೆಂಟರು. ಮಲೆಯ ಮೃಗಗಳನ್ನೂ ಕಡಲ ತೆರೆಗಳನ್ನೂ ಸಂತೆಯ ಗದ್ದಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಆಕೆಯ ವಚನ ಪ್ರಸಿದ್ಧವಾದದ್ದು. ಲೋಕದ ಸ್ತುತಿನಿಂದೆಗಳಿಗೆ ಹೆದರದಿರುವುದನ್ನು ಕಲಿತವರಿಗೆ ಮೃಗದ ಹೆದರಿಕೆ ದೊಡ್ಡದಲ್ಲವೆಂಬುದು ಅದರ ಧ್ವನಿ. ಶಾಸ್ತ್ರದ ಭಯಾನಕವನ್ನು ಆಕೆ ತಲೆಕೆಳಗು ಮಾಡಿದಳು.

ಬಿಟ್ಟು ಹೊರಡಲಾರದವಳ ಗತಿಯೇನು? ಅದಕ್ಕೆ ಉತ್ತರ ಜನಪದದ ‘ಕೆರೆಗೆ ಹಾರ’ದಲ್ಲಿದೆ. ಈ ಹಾಡನ್ನು ಕಟ್ಟಿದವರು ಯಾರೋ ತಿಳಿಯದು. ನಮ್ಮ ಹೆಂಗಸರ ಬಾಯಲ್ಲಿ ಉಳಿದು ಬಂದದ್ದು ಮಾತ್ರ ನಿಜ. ಗೌಡನು ಕಟ್ಟಿಸಿದ ಕೆರೆಯಲ್ಲಿ ನೀರಿಲ್ಲ. ಹೊತ್ತಿಗೆಯನ್ನು ತೆರೆದು ನೋಡಿದರೆ ಸೊಸೆಯ ಬಲಿ ಬೇಕೆಂದು ಬರುತ್ತದೆ. ಕಿರಿಯ ಸೊಸೆ ಭಾಗೀರಥಿಯ ಪಾಲಿಗೆ ಅದು ಬೀಳುತ್ತದೆ. ಇಲ್ಲಿ ದೆವ್ವವಿಲ್ಲ, ಬಿರುಗಾಳಿಯಿಲ್ಲ, ಕತ್ತಲೆಯೂ ಇಲ್ಲ. ನೀರು ಕಾಯಿಸುವುದು, ಮೀಯುವುದು, ಅಡಿಗೆ ಮಾಡುವುದು, ಬುತ್ತಿ ಕಟ್ಟುವುದು, ಎಲ್ಲವೂ ಹಬ್ಬದ ದಿನದಂತೆಯೇ ಸಾಗುತ್ತದೆ. ಪೂಜೆ ಮುಗಿಸಿ ಹಿಂದಿರುಗುವಾಗ ಬಂಗಾರದ ಬಟ್ಟಲು ಮರೆತುಬಂತೆಂದು ಅವಳನ್ನೇ ಮರಳಿ ಕಳುಹಿಸುತ್ತಾರೆ. ಮೆಟ್ಟಲು ಮೆಟ್ಟಲಿಗೆ ನೀರು ಏರುತ್ತದೆ. ಎಲ್ಲರಿಗೂ ತಿಳಿದಿದೆ, ಅವಳಿಗೂ ತಿಳಿದಿದೆ, ಒಬ್ಬರೂ ಬಾಯಿಬಿಡುವುದಿಲ್ಲ. ವಾಲ್‌ಪೋಲನ ದುರ್ಗದಲ್ಲಿ ಆಕಾಶದಿಂದ ಬೀಳುವ ದೈತ್ಯ ಶಿರಸ್ತ್ರಾಣಕ್ಕಿಂತ ಈ ಮೌನವು ಘೋರವಾದದ್ದು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಐರೋಪ್ಯ ಕಥೆಗಾರನು ಭಯವನ್ನು ಅರಸಿಕೊಂಡು ದೂರದ ದುರ್ಗಕ್ಕೆ ಹೋದನು. ನಮ್ಮ ಹೆಣ್ಣಿಗೆ ಅಷ್ಟು ದೂರ ಹೋಗುವ ಅಗತ್ಯವೇ ಬೀಳಲಿಲ್ಲ. ಅವಳ ಭಯ ಹೊಸಿಲಿನ ಒಳಗೆ, ಪ್ರೀತಿಯ ಮಾತಿನ ಹಿಂದೆ ಇತ್ತು. ಹಾಡು ಅದನ್ನು ನೇರವಾಗಿ ದೂರಲಿಲ್ಲ; ದೂರಿದ್ದರೆ ಅದನ್ನು ಹಾಡಗೊಡುತ್ತಿರಲಿಲ್ಲ. ಬಲಿಯಾದವಳನ್ನು ಕೊಂಡಾಡುವ ನೆವದಲ್ಲಿ ಬಲಿಗೊಟ್ಟವರ ಹೆಸರನ್ನೂ ಮರೆಯದೆ ಉಳಿಸಿತು.

1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದಂದಿನಿಂದ ಈ ಹಾಡುಗಳ ಸೌಮ್ಯತೆಯನ್ನೂ ವಾತ್ಸಲ್ಯವನ್ನೂ ನಾವು ಮೆಚ್ಚುತ್ತ ಬಂದಿದ್ದೇವೆ. ಮೆಚ್ಚತಕ್ಕದ್ದೇ. ಆದರೆ ಅವುಗಳೊಳಗಿನ ನಡುಕವನ್ನೂ ಅಷ್ಟೇ ಆದರದಿಂದ ಕೇಳಬೇಕು. ಬೀಸುವ ಕಲ್ಲು ಈಗ ಮೂಲೆ ಸೇರಿದೆ. ಬೀಸುತ್ತ ಹಾಡುತ್ತಿದ್ದವರು ವೃದ್ಧರಾಗಿದ್ದಾರೆ. ಸಾಲಗುಂದದಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ಮನೆಯ ಹಿರಿಯರು ಹಾಡು ಹೇಳುತ್ತ ಹೇಳುತ್ತ ಒಂದು ಕಡೆ ದನಿ ತಗ್ಗಿಸಿದರೆ, ಅದನ್ನು ದಾಟಿ ಮುಂದಕ್ಕೆ ಹೋಗಬೇಡಿರಿ. ಬರೆದುಕೊಳ್ಳಬೇಕಾದ ಮಾತು ಬಹುಶಃ ಅಲ್ಲಿಯೇ ಇದೆ.