ಕಾವಲು ನಾಯಿಯ ಆಹಾರದಲ್ಲಿ ಜೀವಸತ್ತ್ವಗಳು



ಹೊಲವನ್ನೂ ಕುರಿಹಟ್ಟಿಯನ್ನೂ ಕಾಯುವ ನಾಯಿಗೆ ಹೊಟ್ಟೆ ತುಂಬಿದ ಮಾತ್ರಕ್ಕೆ ಪೋಷಣೆಯಾಯಿತೆಂದು ಭಾವಿಸಲಾಗದು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ಎಂಬ ವಿದ್ವಾಂಸರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಧಾನ್ಯವೇ ಪ್ರಧಾನವಾದ ಆಹಾರದಿಂದ ಬೆಳೆದ ನಾಯಿಮರಿಗಳ ಕಾಲೆಲುಬುಗಳು ಬಾಗಿದವು. ಕಾಡ್ ಮೀನೆಣ್ಣೆಯನ್ನು ಸೇವಿಸಿದ ಮರಿಗಳು ಈ ರೋಗಕ್ಕೆ ಗುರಿಯಾಗಲಿಲ್ಲ. ಆ ಎಣ್ಣೆಯಲ್ಲಿರುವ ‘ಡಿ’ ಜೀವಸತ್ತ್ವವೇ ಇದಕ್ಕೆ ಕಾರಣ.

ದನಕರುಗಳು ಬಿಸಿಲಿನಿಂದ ಈ ಸತ್ತ್ವವನ್ನು ಪಡೆಯಬಲ್ಲವು. ನಾಯಿಯ ಚರ್ಮಕ್ಕೆ ಆ ಶಕ್ತಿಯು ಅತ್ಯಲ್ಪ. ಆದುದರಿಂದ ಅದು ಆಹಾರದಿಂದಲೇ ದೊರೆಯತಕ್ಕದ್ದು. ಬರಿಯ ಮುದ್ದೆ ಸಾಲದು. ಅದರೊಡನೆ ಬೇಯಿಸಿದ ಮೊಟ್ಟೆಯನ್ನಾಗಲಿ, ಮುಳ್ಳು ತೆಗೆದ ಮೀನನ್ನಾಗಲಿ ಕೊಡತಕ್ಕದ್ದು. ಯಕೃತ್ತು ಒಳ್ಳೆಯದಾದರೂ ಮಿತವಾಗಿರಬೇಕು. ನಿತ್ಯವೂ ಹೇರಳವಾಗಿತ್ತರೆ ‘ಎ’ ಜೀವಸತ್ತ್ವವು ಮಿತಿಮೀರಿ ಎಲುಬಿಗೇ ಕೇಡು.

ಬೆಳೆದ ಮೇಲೆ ಬಾಗಿದ ಕಾಲು ನೆಟ್ಟಗಾಗುವುದು ದುಸ್ತರ. ಆದಕಾರಣ ಮರಿಯು ತಾಯಿಹಾಲನ್ನು ಬಿಟ್ಟಂದಿನಿಂದಲೇ ಈ ಕ್ರಮವನ್ನು ಅನುಸರಿಸುವುದು ಶ್ರೇಯಸ್ಕರ.