ಕಣ್ಣಿನೊಳಗೆ ಉಳಿಯುವ ಕಿಟಕಿ

(ಛಾಯಾಚಿತ್ರಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಬಾದಾಮಿಯ ಮೂರನೆಯ ಗುಹೆಗೆ ಹೋದವರು ಸಾಮಾನ್ಯವಾಗಿ ಮೆಟ್ಟಿಲು ಹತ್ತಿದ ದಣಿವಿನಲ್ಲಿ ಕಂಬಗಳನ್ನೂ ಕೋತಿಗಳನ್ನೂ ನೋಡಿ, ಗೈಡ್ ತೋರಿಸಿದ ಕಡೆಗೆಲ್ಲ ತಲೆಯಾಡಿಸಿ ಇಳಿದುಬಿಡುತ್ತಾರೆ. ಆ ಗುಹೆಯ ಪಡಸಾಲೆಯ ಪೂರ್ವದ ತುದಿಯಲ್ಲಿ ಶೇಷನ ಸುರುಳಿಯ ಮೇಲೆ ವಿಷ್ಣು ಕುಳಿತಿದ್ದಾನೆ. ಕ್ಯಾಮೆರಾ ಹಿಡಿಯುವವರು ಒಮ್ಮೆಯಾದರೂ ಬೇರೆಲ್ಲವನ್ನೂ ಬಿಟ್ಟು ಆ ಮುಖವೊಂದನ್ನೇ ಹತ್ತು ನಿಮಿಷ ನೋಡಬೇಕು. ಗುಹೆಯ ಬಾಯಿ ಉತ್ತರಕ್ಕೆ. ವಿಷ್ಣುವಿನ ಮುಖ ಪಶ್ಚಿಮಕ್ಕೆ. ಆದ್ದರಿಂದ ಬೆಳಕು ಬರುವುದು ಅವನ ಬಲಮಗ್ಗುಲಿನಿಂದ. ಬಲಗೆನ್ನೆ ಬೆಳಗಿದೆ, ಮೂಗಿನ ನೆರಳು ಎಡಗೆನ್ನೆಯತ್ತ ಮೆಲ್ಲಗೆ ಜಾರಿದೆ, ಆ ನೆರಳಿಗೆ ಗೆರೆ ಎಳೆದಂಥ ಅಂಚಿಲ್ಲ. ಎದುರಿಗೆ, ಪಶ್ಚಿಮದ ತುದಿಯಲ್ಲಿ ನಿಂತ ನರಸಿಂಹನಿಗೆ ಅದೇ ಬೆಳಕು ಎಡಗಡೆಯಿಂದ ಸಿಗುತ್ತದೆ.

ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶ ಈ ಗುಹೆಯನ್ನು ಪೂರೈಸಿದ್ದು ಶಕವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ. ಶಿಲ್ಪಿಗಳ ತಲೆಯಲ್ಲಿ ಏನಿತ್ತೋ ಹೇಳಲಾಗದು. ಆದರೆ ಅವರು ಕಡೆದಿಟ್ಟ ಜಾಗ ಮಾತ್ರ, ಇಂದಿನ ಛಾಯಾಗ್ರಾಹಕ ಒಬ್ಬರನ್ನು ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸುವ ಜಾಗವೇ ಆಗಿದೆ. ಒಂದು ಕಡೆ ತೆರೆದ ಆಕಾಶ, ಇನ್ನೊಂದು ಕಡೆ ಒಳಗಿನ ಕತ್ತಲು, ನಡುವೆ ಮುಖ.

ಕಿಟಕಿಯ ಬೆಳಕು ಮೃದುವೆಂದು ಎಲ್ಲರೂ ಹೇಳುತ್ತಾರೆ. ಅದು ಮಂದವಾಗಿರುವುದರಿಂದ ಮೃದು ಎಂಬ ತಿಳುವಳಿಕೆ ಹಲವರಲ್ಲಿದೆ. ಇದು ಸರಿಯಲ್ಲ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳು ಮೃದುವಾಗುತ್ತದೆ, ಅಷ್ಟೆ. ಸೂರ್ಯ ಎಷ್ಟೇ ಪ್ರಖರನಾದರೂ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ ಅಗಲ. ಕೈ ಚಾಚಿ ಹಿಡಿದ ಕಿರುಬೆರಳಿನ ಉಗುರು ಅವನನ್ನು ಮುಚ್ಚಿಬಿಡುತ್ತದೆ. ಅಷ್ಟು ಚಿಕ್ಕ ಜಾಗದಿಂದ ಬಂದ ಬೆಳಕು ಹುಬ್ಬಿನ ಕೆಳಗೆ, ಮೂಗಿನ ಕೆಳಗೆ ಕತ್ತರಿಸಿದಂಥ ನೆರಳು ಬಿಡುತ್ತದೆ. ಬಿಸಿಲು ಬೀಳದ ಕಿಟಕಿಯಲ್ಲಿ ಹಾಗಲ್ಲ. ಅಲ್ಲಿ ಮುಖಕ್ಕೆ ಬೆಳಕು ಕೊಡುವುದು ಮೂರಡಿ, ನಾಲ್ಕಡಿ ಅಗಲದ ಆಕಾಶದ ತುಂಡು. ಅದರ ಒಂದು ಮೂಲೆಯಿಂದ ಬಂದ ಬೆಳಕು ಮಾಡಿದ ನೆರಳನ್ನು ಇನ್ನೊಂದು ಮೂಲೆಯಿಂದ ಬಂದದ್ದು ಅಳಿಸುತ್ತ ಹೋಗುತ್ತದೆ. ಕ್ಯಾಮೆರಾದ ತಲೆಯ ಮೇಲೆ ಕೂತ ಫ್ಲ್ಯಾಶ್ ಬೆಂಕಿಪೊಟ್ಟಣದಷ್ಟು ದೊಡ್ಡದು. ಅದರ ಚಿತ್ರಗಳಲ್ಲಿ ಹಣೆ ಹೊಳೆಯುವುದಕ್ಕೂ, ಬೆನ್ನ ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು ಅಂಟಿಕೊಳ್ಳುವುದಕ್ಕೂ ಬೇರೆ ಕಾರಣ ಹುಡುಕಬೇಕಿಲ್ಲ. ಫ್ಲ್ಯಾಶನ್ನು ಬೈಯುವುದು ಇಲ್ಲಿಯ ಉದ್ದೇಶವಲ್ಲ. ಅದನ್ನೇ ಸುಣ್ಣದ ಬಿಳಿ ಗೋಡೆಗೆ ತಿರುಗಿಸಿ ಹೊಡೆದರೆ ಆ ಗೋಡೆಯೇ ಒಂದು ಕಿಟಕಿಯಾಗುತ್ತದೆ.

ಯುರೋಪಿನ ಚಿತ್ರಕಾರರು ಉತ್ತರದ ಕಿಟಕಿಗೆ ಆಸೆಪಡುತ್ತಿದ್ದುದು ಇದಕ್ಕೇ. ಲಂಡನ್ನಿನಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಮ್ಮಲ್ಲಿ ಸ್ವಲ್ಪ ಬೇರೆ. ಬಾದಾಮಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ವಾಲಿರುತ್ತಾನೆ; ಬೆಳಿಗ್ಗೆ ಸಂಜೆಯಂತೂ ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಓರೆಬಿಸಿಲು ಬೀಳುತ್ತದೆ. ಪಾಶ್ಚಾತ್ಯ ಪುಸ್ತಕ ಓದಿಕೊಂಡು ‘ಉತ್ತರದ ಕಿಟಕಿ ಎಂದರೆ ಬಿಸಿಲಿಲ್ಲ’ ಎಂದು ನಂಬಿದವರು ಜೂನ್ ತಿಂಗಳಲ್ಲಿ ಬಾಗಲಕೋಟೆಯಲ್ಲಿ ಮೋಸ ಹೋಗುತ್ತಾರೆ. ಬಿಸಿಲು ಬಂದರೂ ಹೆದರಬೇಕಿಲ್ಲ. ಮನೆಯ ಬಿಳಿ ಧೋತರವೊಂದನ್ನು ಕಿಟಕಿಗೆ ಕಟ್ಟಿ. ಆಗ ಬೆಳಕು ಕೊಡುವುದು ಸೂರ್ಯನಲ್ಲ, ಧೋತರ.

ಛಾಯಾಗ್ರಹಣಕ್ಕೂ ಕಿಟಕಿಗೂ ಹುಟ್ಟಿನಿಂದಲೇ ನಂಟು. ಇಂದು ಉಳಿದಿರುವ ನೆಗೆಟಿವ್‌ಗಳಲ್ಲಿ ಅತ್ಯಂತ ಹಳೆಯದು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್‌ನಲ್ಲಿ ತನ್ನ ಮನೆಯಲ್ಲಿ ತೆಗೆದದ್ದು. ಅದರಲ್ಲಿರುವುದು ಆ ಮನೆಯ ಜಾಲರಿ ಕಿಟಕಿಯೊಂದೇ. ಇಪ್ಪತ್ತೇ ವರ್ಷಗಳಲ್ಲಿ ಆ ವಿದ್ಯೆ ನಮ್ಮ ಕಡೆಗೂ ಬಂತು. ಬೊಂಬಾಯಿ ಸೈನ್ಯದ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಛಾಯಾಗ್ರಾಹಕನನ್ನಾಗಿ ನೇಮಿಸಿತು. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಅವನು ಚಿತ್ರಿಸಿದ. ಅವನ ನಂತರ ಬಂದವನು ವೈದ್ಯ ವಿಲಿಯಂ ಪಿಗೂ. ಇವರಿಬ್ಬರ ಮತ್ತು ಎ.ಸಿ.ಬಿ. ನೀಲ್‌ನ ಚಿತ್ರಗಳನ್ನೊಳಗೊಂಡ, ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಆ ಕಾಲದ ರಾಸಾಯನಿಕಗಳಿಗೆ ಒಂದು ದೊಡ್ಡ ಕೊರತೆ ಇತ್ತು. ಅವು ನೀಲಿಯನ್ನು ಕಾಣುತ್ತಿದ್ದವು, ಕೆಂಪನ್ನು ಕಾಣುತ್ತಿರಲಿಲ್ಲ. ಬಾದಾಮಿಯ ಕೆಂಪು ಮರಳುಗಲ್ಲಿಗೆ ಇದಕ್ಕಿಂತ ಕೆಟ್ಟ ಜೊತೆ ಇನ್ನೊಂದಿಲ್ಲ. ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು, ಕಲ್ಲು ಕಪ್ಪಾಗಿ ಕೂರುತ್ತಿತ್ತು. ಇಳಕಲ್ಲ ಸೀರೆಯ ಕೆಂಪು ಸೆರಗು, ಹಣೆಯ ಕುಂಕುಮ, ನಮ್ಮವರ ಗೋದಿ ಬಣ್ಣದ ಮೈ, ಇವೆಲ್ಲಕ್ಕೂ ಅದೇ ಗತಿ. ಅಜ್ಜ ಅಜ್ಜಿಯರ ಹಳೆಯ ಫೋಟೊ ನೋಡಿ ‘ಅವರು ಬಹಳ ಕಪ್ಪಗಿದ್ದರು’ ಎಂದು ಹೇಳುವ ಮನೆಗಳುಂಟು. ಕೆಂಪನ್ನೂ ಗ್ರಹಿಸುವ ಫಿಲ್ಮ್ 20ನೆಯ ಶತಮಾನದಲ್ಲಿ ಬಳಕೆಗೆ ಬರುವ ತನಕ ಎಷ್ಟೋ ಮುಖಗಳ ಕಪ್ಪು ಅವರದಲ್ಲ, ಗಾಜಿನ ಪ್ಲೇಟಿನದು.

ವಿದ್ಯುತ್ ಬರುವ ಮೊದಲು ಭಾವಚಿತ್ರದ ಸ್ಟುಡಿಯೊ ಎಂದರೆ ಗಾಜಿನ ಮಾಡು ಅಥವಾ ದೊಡ್ಡ ಕಿಟಕಿ, ಅದಕ್ಕೆ ಎಳೆಯಲು ಪರದೆಗಳು. ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬ ಮಹಿಳೆ 1860ರ ದಶಕದಲ್ಲಿ ಇಂಗ್ಲೆಂಡಿನ ತನ್ನ ಮನೆಯ ಗಾಜಿನ ಕೋಳಿಗೂಡನ್ನೇ ಸ್ಟುಡಿಯೊ ಮಾಡಿಕೊಂಡಿದ್ದಳು. ವಿದ್ಯುದ್ದೀಪ, ಆಮೇಲೆ ಫ್ಲ್ಯಾಶ್ ಬಂದ ಮೇಲೆ ಕಿಟಕಿ ಮುಚ್ಚಿತು. ಮಳೆಗಾಲವೋ ರಾತ್ರಿಯೋ ಎಂಬ ಚಿಂತೆ ಇಲ್ಲದಾಯಿತು. ಅನುಕೂಲ ಆದದ್ದು ನಿಜ. ಅದರ ಜೊತೆಗೆ ಹುನಗುಂದದ ಮುಖವೂ ಹುಬ್ಬಳ್ಳಿಯ ಮುಖವೂ ಒಂದೇ ಬೆಳಕಿನಲ್ಲಿ ಬೀಳತೊಡಗಿದವು.

ಇನ್ನು ನಮ್ಮ ಮನೆಗಳಿಗೆ ಬರೋಣ. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಡಕಿ ಸಣ್ಣದು, ಮೇಲೆ ಬೆಳಕಿಂಡಿ. ಹೊಸದಾಗಿ ಕ್ಯಾಮೆರಾ ಹಿಡಿದವರು ಇಂಥ ಮನೆಗೆ ಹೋದರೆ ‘ಒಳಗೆ ಕತ್ತಲೆ’ ಎಂದು ಅಜ್ಜಿಯನ್ನು ಅಂಗಳದ ಬಿಸಿಲಿಗೆ ಎಬ್ಬಿಸಿಕೊಂಡು ಬರುತ್ತಾರೆ. ಅಜ್ಜಿ ಕಣ್ಣು ಕಿರಿದು ಮಾಡುತ್ತಾಳೆ, ಹುಬ್ಬು ಗಂಟಿಕ್ಕುತ್ತಾಳೆ. ಜೀವಮಾನವಿಡೀ ಸಿಡುಕದವಳು ಚಿತ್ರದಲ್ಲಿ ಸಿಡುಕಿಯಾಗಿ ಉಳಿಯುತ್ತಾಳೆ. ಅವಳನ್ನು ಒಳಗೇ ಇರಗೊಡಿ. ಬೆಳಕಿಂಡಿಯ ನೇರ ಕೆಳಗೆ ಮಾತ್ರ ಕೂರಿಸಬೇಡಿ. ಮೇಲಿನಿಂದ ಬಿದ್ದ ಬೆಳಕಿಗೆ ಕಣ್ಣಿನ ಗುಳಿಗಳು ಕತ್ತಲಾಗುತ್ತವೆ. ಅಲ್ಲಿಂದ ನಾಲ್ಕಡಿ ಹಿಂದೆ ಸರಿಸಿ, ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ. ಸಾರಿಸಿದ ನೆಲ ಬೆಳಕನ್ನು ನುಂಗುತ್ತದೆ. ಮಡಿಲಿನ ಮುಂದೆ ಒಂದು ಬಿಳಿ ಬಟ್ಟೆ ಹಾಸಿದರೆ ಗದ್ದದ ಕೆಳಗಿನ ಕತ್ತಲು ತಿಳಿಯಾಗುತ್ತದೆ. ಗೋಡೆಯ ಬಣ್ಣವನ್ನೂ ಗಮನಿಸಬೇಕು. ಹಸಿರು ಡಿಸ್ಟೆಂಪರ್ ಬಳಿದ ಕೋಣೆಯಲ್ಲಿ ನೆರಳಿನ ಕೆನ್ನೆ ಹಸಿರಾಗುತ್ತದೆ. ಬಾದಾಮಿಯ ಕೆಂಪುಕಲ್ಲಿನ ಅಂಗಳ ಮಾತ್ರ ಉಪಕಾರಿ. ಅದರಿಂದ ಎದ್ದ ಬೆಳಕು ಮುಖಕ್ಕೆ ಬೆಚ್ಚಗಿನ ಬಣ್ಣ ಕೊಡುತ್ತದೆ.

ಕಿಟಕಿಗೆ ಎಷ್ಟು ಹತ್ತಿರ ಎಂಬುದು ಅಭ್ಯಾಸದ ಮಾತು. ಎರಡಡಿಯಲ್ಲಿ ಕೂತರೆ ನೆರಳಿನ ಅಂಚು ಬೆಣ್ಣೆಯಂತಿರುತ್ತದೆ, ಆದರೆ ಒಂದು ಕೆನ್ನೆ ಬೆಳಕು, ಇನ್ನೊಂದು ಬಹಳ ಕತ್ತಲು. ಆರಡಿಗೆ ಸರಿದರೆ ಎರಡು ಕೆನ್ನೆಗಳ ಅಂತರ ಕಡಿಮೆಯಾಗುತ್ತದೆ. ಕಿಟಕಿ ಚಿಕ್ಕದಾಗಿ ಕಾಣುವುದರಿಂದ ನೆರಳಿನ ಅಂಚು ತುಸು ಬಿಗಿಯಾಗುತ್ತದೆ. ಸುಕ್ಕುಗಳು ಬೇಕೆನ್ನುವವರು ಬೆಳಕನ್ನು ಪಕ್ಕದಿಂದ ಬಿಡಲಿ, ಬೇಡವೆನ್ನುವವರು ಮುಖವನ್ನು ಕಿಟಕಿಗೆ ತಿರುಗಿಸಲಿ. ಬೇಕೋ ಬೇಡವೋ ಎಂದು ಸುಕ್ಕುಗಳ ಒಡೆಯರನ್ನೇ ಕೇಳುವುದು ಒಳ್ಳೆಯದು.

ಇಳಕಲ್ಲಿನ ನೇಕಾರರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಕುಣಿಮಗ್ಗದಲ್ಲಿ ಕೂತವನ ಕಾಲು ನೆಲದ ಕೆಳಗೆ, ಕಣ್ಣು ನೆಲಕ್ಕೆ ಎರಡು ಮೂರಡಿ ಎತ್ತರದಲ್ಲಿ. ಮೈಭಾಗದ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುವ ತೋಪುತೆನಿಯ ಕೆಲಸಕ್ಕೆ ಬೆಳಕು ಬೇಕು, ಆದರೆ ಕಣ್ಣು ಕೋರೈಸಬಾರದು. ಬಾಗಿಲಿನಿಂದಲೋ ತಗ್ಗಿನ ಕಿಡಕಿಯಿಂದಲೋ ಮಗ್ಗಕ್ಕೆ ಓರೆಯಾಗಿ ಬರುವ ಬೆಳಕು ನೇಯುವವನ ಮುಖಕ್ಕೂ ಅದೇ ಓರೆಯಲ್ಲಿ ಬೀಳುತ್ತದೆ. ಅಂಥ ಕಡೆ ಛಾಯಾಗ್ರಾಹಕ ಮಾಡಬೇಕಾದ ಕೆಲಸ ಬಹಳವಿಲ್ಲ. ಫ್ಲ್ಯಾಶ್ ಆರಿಸಿ, ಬೆಳಕಿಗೆ ಅಡ್ಡ ನಿಲ್ಲದಿದ್ದರೆ ಸಾಕು. ರೇಷ್ಮೆಯ ಮಿರುಗು ಕಾಣುವುದೂ ಓರೆ ಬೆಳಕಿನಲ್ಲೇ. ಎದುರಿನಿಂದ ಫ್ಲ್ಯಾಶ್ ಹೊಡೆದ ಸೆರಗು ಪ್ಲಾಸ್ಟಿಕ್ಕಿನಂತೆ ಕಾಣುವುದನ್ನು ಅಂಗಡಿಗಳ ಜಾಹೀರಾತುಗಳಲ್ಲೇ ನೋಡಬಹುದು.

ಹುನಗುಂದದ ಕಡೆಯ ಐಹೊಳೆಯಲ್ಲಿ ಲಾಡಖಾನ ಗುಡಿಯ ಗೋಡೆಗಳಿಗೆ ಕಲ್ಲಿನ ಜಾಲಂದ್ರಗಳಿವೆ. ದುರ್ಗಾ ಗುಡಿಯ ಪ್ರದಕ್ಷಿಣೆಯ ಸಾಲಿನಲ್ಲೂ ಗೂಡುಗಳ ನಡುವೆ ಅವು ಬರುತ್ತವೆ. ಬಿಸಿಲನ್ನು ಚೂರು ಚೂರು ಮಾಡಿ ಒಳಗೆ ಬಿಡುವ ಈ ಕಲ್ಲುಗಳ ಹಿಂದೆ ನಿಂತ ಮನುಷ್ಯನ ಮುಖ ನೋಡುವುದಕ್ಕೆಂದೇ ಒಂದು ಬೆಳಿಗ್ಗೆ ಅಲ್ಲಿ ಕಳೆಯಬಹುದು. ಲಾಡಖಾನ ಎಂಬುದು ಒಂದು ಕಾಲಕ್ಕೆ ಅಲ್ಲಿ ವಾಸವಾಗಿದ್ದವನ ಹೆಸರು. ಅವನ ಮುಖ ಯಾರಿಗೂ ಗೊತ್ತಿಲ್ಲ.

ಈ ಮಾತಿಗೆ ಈಗ ಅವಸರ ಬಂದಿರುವುದು ಬಾಗಲಕೋಟೆಯಿಂದ. 1993ರಲ್ಲಿ ಚುನಾವಣಾ ಗುರುತಿನ ಚೀಟಿ ಜಾರಿಗೆ ಬಂದಾಗ ನಮ್ಮ ಎಷ್ಟೋ ಹಿರಿಯರು ಕ್ಯಾಮೆರಾದ ಮುಂದೆ ಕೂತದ್ದು ಅದೇ ಮೊದಲು. ಸಾಲಿನಲ್ಲಿ ನಿಂತು, ಹೆಸರು ಕರೆದಾಗ ಗಾಬರಿಯಾಗಿ ಕೂತು ತೆಗೆಸಿಕೊಂಡ ಆ ಮುಖವನ್ನೇ ತೀರಿಕೊಂಡ ಮೇಲೆ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿ, ಹಾರ ಹಾಕಿದ ಮನೆಗಳು ಊರೂರಿನಲ್ಲಿವೆ. ಮೊಮ್ಮಕ್ಕಳಿಗೆ ಅಜ್ಜ ಎಂದರೆ ಆ ಗಾಬರಿಯ ಮುಖ. ಅದರಲ್ಲಿ ಅವರ ಮನೆ ಇಲ್ಲ, ಓಣಿ ಇಲ್ಲ, ಹೊತ್ತು ಯಾವುದೆಂಬುದೂ ಇಲ್ಲ.

ಕಿಟಕಿಯ ಪಕ್ಕ ತೆಗೆದ ಭಾವಚಿತ್ರದಲ್ಲಿ ಇದು ಹೀಗಲ್ಲ. ಕಣ್ಣು ಒದ್ದೆಯಾದ ಗೋಲ. ತನ್ನ ಮುಂದಿರುವ ಬೆಳಕಿನ ರೂಪವನ್ನು ಅದು ಪುಟ್ಟ ಕನ್ನಡಿಯಂತೆ ತೋರಿಸುತ್ತದೆ. ಹತ್ತಿರದಿಂದ, ಸ್ಪಷ್ಟವಾಗಿ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿ. ಕಪ್ಪು ಗುಡ್ಡೆಯ ಮೇಲೆ ಆ ಮನೆಯ ಕಿಟಕಿ ಇರುತ್ತದೆ. ಅದರ ಸರಳುಗಳು, ಅರ್ಧ ತೆರೆದ ಕದ, ಕೆಲವೊಮ್ಮೆ ಹೊರಗಿನ ಮಾಳಿಗೆಯ ಅಂಚು ಕೂಡ. ಫ್ಲ್ಯಾಶಿನ ಚಿತ್ರದಲ್ಲಿ ಅದೇ ಜಾಗದಲ್ಲಿ ಒಂದು ಬಿಳಿ ಚುಕ್ಕೆ.

ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಹರವಿನಲ್ಲಿ ಮೇಲೇರಿ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ತೆಗೆದುಕೊಂಡಿದೆ. ಅಲ್ಲಿದ್ದವರಲ್ಲಿ ಅನೇಕರು ನವನಗರಕ್ಕೆ ಬಂದರು. ಪಾತ್ರೆ, ಮಂಚ, ದೇವರ ಪೆಟ್ಟಿಗೆಯ ಜೊತೆ ಗೋಡೆಯ ಫೋಟೊಗಳೂ ಬಂದವು. ಮನೆಗಳು ಬರಲಿಲ್ಲ. ಅಂಥ ಫೋಟೊಗಳಲ್ಲಿ ಕಿಟಕಿಯ ಬೆಳಕಿನಲ್ಲಿ ತೆಗೆದದ್ದೇನಾದರೂ ಇದ್ದರೆ, ಇಂದು ನೀರಿನ ಕೆಳಗಿರುವ ಒಂದು ಕಿಟಕಿ ಯಾರದೋ ಕಣ್ಣಿನಲ್ಲಿ ಹಗಲಿನ ಹಾಗೆಯೇ ತೆರೆದುಕೊಂಡಿದೆ. ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿದೆ. ಹಳೆಯ ಊರಿನಲ್ಲಿ ಉಳಿದಿರುವ ಓಣಿಗಳು ಅಂದಿನಿಂದ ಈ ನಾಲ್ಕೂವರೆ ಮೀಟರಿನ ಲೆಕ್ಕದಲ್ಲೇ ಬದುಕುತ್ತಿವೆ. ನೀರಾವರಿ ಬೇಕು, ಪರಿಹಾರವೂ ನ್ಯಾಯವಾಗಿ ಸಿಗಬೇಕು. ಆ ಚರ್ಚೆ ಬೇರೆ ವೇದಿಕೆಯದು. ಪರಿಹಾರದ ಅಳತೆಯ ಪುಸ್ತಕದಲ್ಲಿ ಕಿಟಕಿಗೆ ಕಟ್ಟಿಗೆಯ ಬೆಲೆ ಇರುತ್ತದೆ, ಅದರ ಬೆಳಕಿಗೆ ಕಲಮು ಇರುವುದಿಲ್ಲ.

ಆದ್ದರಿಂದ ಇಲ್ಲಿ ಕೂತಿರುವ ತರುಣರು ಮುಂದಿನ ಭಾನುವಾರ ಒಂದು ಕೆಲಸ ಮಾಡಬಹುದು. ದೊಡ್ಡ ಕ್ಯಾಮೆರಾ ಬೇಕೆಂದೇನಿಲ್ಲ, ಮೊಬೈಲಿನದೂ ನಡೆಯುತ್ತದೆ. ಮುಖವನ್ನು ನುಣುಪು ಮಾಡುವ ಸೌಕರ್ಯವನ್ನು ಮಾತ್ರ ಮುಚ್ಚಿಡಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ನಡುವೆ ಹೋಗಿ, ಬಿಸಿಲು ಬೀಳದ ಕಿಡಕಿ ಯಾವುದೆಂದು ಮನೆಯವರನ್ನೇ ಕೇಳಿ. ಅಕ್ಕಿ ಆರಿಸುವವರು ದಿನವೂ ಕೂರುವ ಜಾಗ ಅದೇ ಆಗಿರುತ್ತದೆ. ಟ್ಯೂಬ್‌ಲೈಟ್ ಆರಿಸಿ, ಎರಡು ಬಣ್ಣದ ಬೆಳಕು ಒಂದೇ ಮುಖದಲ್ಲಿ ಜಗಳವಾಡುವುದು ಬೇಡ. ಚಹಾ ಕೊಟ್ಟರೆ ಕುಡಿಯಿರಿ. ಅಷ್ಟರಲ್ಲಿ ಕೂತವರ ಹೆಗಲು ಸಡಿಲವಾಗುತ್ತದೆ. ಹತ್ತಿರ ಹೋಗಿ, ಕಣ್ಣಿಗೆ ಫೋಕಸ್ ಮಾಡಿ. ಮೊಬೈಲಿನಲ್ಲೇ ಬಿಡದೆ ಅಚ್ಚು ಹಾಕಿಸಿ ಒಂದು ಪ್ರತಿಯನ್ನು ಆ ಮನೆಗೇ ಕೊಡಿ. ಅದರ ಹಿಂದೆ ಹೆಸರು, ಓಣಿ, ತಾರೀಖು, ಕಿಡಕಿ ಯಾವ ದಿಕ್ಕಿಗಿತ್ತು ಎಂಬುದನ್ನು ಮೆತ್ತಗಿನ ಪೆನ್ಸಿಲ್ಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ವರ್ಷ ಕಳೆದಂತೆ ಮುಂಬದಿಗೆ ಇಳಿದು ಮುಖವನ್ನು ಕೆಡಿಸುತ್ತದೆ.